ಮೂರು ಬಡಾವಣೆಗಳಲ್ಲಿ ಒಂದು ಹಳೆಯ ಕ್ಯಾಮರಾ

ನನ್ನ ಹತ್ತಿರ ಒಂದು ಚಿಕ್ಕ ಡಿಜಿಟಲ್ ಕ್ಯಾಮರಾ ಉಂಟು. 2007ನೆಯ ಇಸವಿಯಲ್ಲಿ ಕೊಂಡುದು. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಎರಡು ಪೆನ್ಸಿಲ್ ಸೆಲ್ಲುಗಳನ್ನು ಹಾಕಿದರೆ ನಡೆಯುತ್ತದೆ. ಅದನ್ನು ಕೊಂಡ ತಿಂಗಳಿನಲ್ಲಿಯೇ, ಛಾಯಾಗ್ರಹಣಕ್ಕೆ ಮೀಸಲಾದ ಒಂದು ಪತ್ರಿಕೆಯಲ್ಲಿ ಅದರ ವಿಮರ್ಶೆ ಪ್ರಕಟವಾಯಿತು. ಮದುವೆಯಾದ ಮರುದಿನ ಜಾತಕ ಕೂಡಿಬಂದಿಲ್ಲವೆಂದು ಯಾರೋ ಬಂದು ಹೇಳಿದ ಹಾಗಾಯಿತು.

ವಿಮರ್ಶಕರು ಐದು ದೋಷಗಳನ್ನು ಎಣಿಸಿದ್ದರು. ಒಂದು: ಬೆಳಕು ಕಡಮೆಯಾದೊಡನೆ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ. ಎರಡು: ಗುಂಡಿಯೊತ್ತಿದ ಮೇಲೆ ಚಿತ್ರ ಹಿಡಿಯಲು ತಡಮಾಡುತ್ತದೆ. ಮೂರು: ಎದುರಿನ ನೋಟವನ್ನು ಅಗಲವಾಗಿ ಒಳಗೊಳ್ಳಲಾರದು. ನಾಲ್ಕು: ಬಣ್ಣಗಳನ್ನು ನಂಬುವಂತಿಲ್ಲ. ಐದು: ಅಂಗಡಿಯ ಸಾಮಾನ್ಯ ಸೆಲ್ಲುಗಳನ್ನು ಹಾಕಬೇಕಾದುದರಿಂದ ತೂಕ ಹೆಚ್ಚು. ಕಟ್ಟಕಡೆಗೆ, ಮನೆಮಂದಿಯ ವಿನೋದಕ್ಕೆ ಇದು ಸಾಕು, ಗಂಭೀರವಾದ ಕೆಲಸಕ್ಕೆ ಒದಗದು ಎಂಬ ತೀರ್ಪು. ಆ ಹಾಳೆಯನ್ನು ಮಡಿಸಿ ಕ್ಯಾಮರಾದ ಚೀಲದಲ್ಲಿಯೇ ಇಟ್ಟೆನು. ಅದು ಇಷ್ಟು ವರ್ಷವೂ ಅಲ್ಲಿಯೇ ಇದ್ದು ಹಳದಿಯಾಯಿತು.

ಈಚೆಗೆ, ಕಾರ್ತಿಕ ಮಾಸದಲ್ಲಿ, ಹೊರದೇಶದಲ್ಲಿರುವ ಅಣ್ಣನ ಮಗನು ರಜೆಯ ಮೇಲೆ ಬಂದಿದ್ದನು. ಚೀಲವನ್ನು ಬಿಚ್ಚಿ ನೋಡಿ, ಹಾಳೆಯನ್ನು ಓದಿ ನಕ್ಕನು. “ಚಿಕ್ಕಪ್ಪ, ಅವರು ಆಗಲೇ ಸರಿಯಾಗಿ ಹೇಳಿದ್ದಾರೆ. ಈಗ ಕೈಯಲ್ಲಿರುವ ಫೋನೇ ಇದಕ್ಕಿಂತ ಎಷ್ಟೋ ಮೇಲು. ನಿಮಗೊಂದು ಹೊಸದನ್ನು ಕೊಡಿಸುತ್ತೇನೆ, ಇದನ್ನು ಬಿಸಾಡಿ” ಎಂದನು.

“ಒಂದು ವಾರ ತಡೆಯಪ್ಪ. ಇದರ ಮೇಲೆ ಐದು ಆರೋಪಗಳಿವೆ. ವಿಚಾರಣೆಯಾಗಲಿ, ಆಮೇಲೆ ಶಿಕ್ಷೆ” ಎಂದೆನು.

ವಿಚಾರಣೆಗೆ ಬೆಂಗಳೂರಿನ ಮೂರು ಹಳೆಯ ಬಡಾವಣೆಗಳನ್ನು ಆರಿಸಿಕೊಂಡೆನು. ಚಾಮರಾಜಪೇಟೆ 1892ರಲ್ಲಿ ಕೋಟೆಯ ಪಕ್ಕದಲ್ಲಿ ಹುಟ್ಟಿದ ಬಡಾವಣೆ; ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. ಮಲ್ಲೇಶ್ವರವೂ ಬಸವನಗುಡಿಯೂ ಅದೇ ದಶಕದವು. 1898ರಲ್ಲಿ ಪೇಟೆಯನ್ನು ಪ್ಲೇಗು ಹೊಕ್ಕಾಗ, ಇಕ್ಕಟ್ಟಾದ ಗಲ್ಲಿಗಳನ್ನು ಬಿಟ್ಟು ಗಾಳಿ ಬೆಳಕುಗಳಿಗಾಗಿ ಜನರು ಇವುಗಳಿಗೆ ಬಂದರು. ನೇರವಾದ ಬೀದಿಗಳು, ಮನೆಗಳ ಹಿಂದೆ ಕಸ ಸಾಗಿಸುವವರಿಗೆಂದು ಬಿಟ್ಟ ಓಣಿಗಳು, ಮುಂದೆ ಮರಗಳು, ಇವೆಲ್ಲ ಆ ಭಯದಿಂದ ಬಲಗೊಂಡ ವಿವೇಕ. ಬೆಳಕಿಗಾಗಿ ಬೆಳೆದ ಬಡಾವಣೆಗಳಿಗಿಂತ ಕ್ಯಾಮರಾದ ಪರೀಕ್ಷೆಗೆ ಬೇರೆ ಯಾವ ಸ್ಥಳ ಬೇಕು?

ಸೋಮವಾರ ಬೆಳಗ್ಗೆ ಮಲ್ಲೇಶ್ವರಕ್ಕೆ ಹೋದೆನು. ಕಾಡು ಮಲ್ಲೇಶ್ವರನಿಗೆ ಕೈಮುಗಿದು, ಎದುರಿಗಿರುವ ನಂದಿತೀರ್ಥಕ್ಕೆ ಇಳಿದೆನು. ಇದು ಬಹುಕಾಲ ಮಣ್ಣಿನಡಿಯಲ್ಲಿ ಹುದುಗಿದ್ದು 1997ರಲ್ಲಿ ಅಗೆದಾಗ ಬೆಳಕಿಗೆ ಬಂದುದು. ದಕ್ಷಿಣಮುಖವಾದ ನಂದಿಯ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿಯನ್ನು ಸೇರುತ್ತದೆ. ಅಲ್ಲಿಂದ ಎಂಟನೆಯ ಅಡ್ಡರಸ್ತೆಗೆ ಬಂದು, ನೀಲಿಯ ಟಾರ್ಪಾಲಿನ ಕೆಳಗೆ ಮಲ್ಲಿಗೆ ಮಾರುವ ಹೆಂಗಸಿನ ಒಪ್ಪಿಗೆ ಕೇಳಿ ಬುಟ್ಟಿಯ ಚಿತ್ರ ತೆಗೆದೆನು. ಮಲ್ಲಿಗೆ ನೀಲಿಯಾಗಿ ಬಂದಿತು. ಆಕೆ ನೋಡಿ, “ನಮ್ಮ ಹೂವಿಗೆ ಯಾಕೆ ಸ್ವಾಮಿ ಶಾಯಿ ಬಳಿದಿರಿ?” ಎಂದಳು. ನಾಲ್ಕನೆಯ ಆರೋಪ ನಿಜವಾಯಿತಲ್ಲ ಎಂದುಕೊಂಡೆನು. ಆದರೆ ತಪ್ಪು ಯಾರದು? ಆ ಹೂವಿನ ಮೇಲೆ ಬಿದ್ದುದೇ ನೀಲಿಯ ಬೆಳಕು. ನಮ್ಮ ಕಣ್ಣು ಮನಸ್ಸಿನ ಸಹಾಯದಿಂದ ಅದನ್ನು ತಿದ್ದಿಕೊಂಡು ಬಿಳುಪೆನ್ನುತ್ತದೆ, ಯಂತ್ರಕ್ಕೆ ಹೇಳಿಕೊಡಬೇಕು. ಬಿಳಿಯ ಪಂಚೆಯ ಸೆರಗನ್ನು ಅದೇ ಬೆಳಕಿನಲ್ಲಿ ತೋರಿಸಿ, ಇದು ಬಿಳುಪು ಎಂದು ಕ್ಯಾಮರಾಕ್ಕೆ ತಿಳಿಸುವ ಏರ್ಪಾಡು ಅದರೊಳಗೇ ಉಂಟು. ಹಾಗೆ ಮಾಡಿದ ಮೇಲೆ ಮಲ್ಲಿಗೆ ಮಲ್ಲಿಗೆಯಾಯಿತು. ಇದೇ ಮಲ್ಲೇಶ್ವರದಲ್ಲಿ ಮನೆಮಾಡಿದ್ದ ಸರ್ ಸಿ. ವಿ. ರಾಮನ್ ಅವರು ಇಳಿವಯಸ್ಸಿನಲ್ಲಿ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆಂಬುದನ್ನೇ ಚಿಂತಿಸಿ 1968ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಅಂಥವರಿಗೂ ದೊಡ್ಡದೆನಿಸಿದ ಪ್ರಶ್ನೆಯಲ್ಲಿ ನನ್ನ ಚಿಕ್ಕ ಪೆಟ್ಟಿಗೆ ಎಡವಿದರೆ ಆಶ್ಚರ್ಯವೇನು?

ಮೂರನೆಯ ಆರೋಪ ಅಲ್ಲಿಯೇ ಮುಂದಿನ ಬೀದಿಯಲ್ಲಿ ಎದುರಾಯಿತು. ಮಂಗಳೂರು ಹೆಂಚಿನ ಒಂದು ಮನೆ. ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪಾದ ಮುಂಗಟ್ಟು, ಬೆಂಗಳೂರಿನವರು ಮಂಕಿಟಾಪ್ ಎನ್ನುವರಲ್ಲ, ಅದು. ಎಷ್ಟು ಹಿಂದೆ ಸರಿದರೂ ಮನೆ ಇಡಿಯಾಗಿ ಚೌಕಟ್ಟಿನಲ್ಲಿ ಹಿಡಿಸಲೊಲ್ಲದು. ಕೊನೆಗೆ ಎದುರುಮನೆಯ ಕಾಂಪೌಂಡಿನೊಳಕ್ಕೆ ಹೋಗಬೇಕಾಯಿತು. ಅಲ್ಲಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ವೃದ್ಧೆಯೊಬ್ಬರು, “ಏನಪ್ಪಾ, ಯಾರು ಬೇಕು?” ಎಂದರು. ಸಂಗತಿಯನ್ನು ಹೇಳಿದೆನು.

“ಆ ಮನೆಯದೆ? ಬೇಗ ತೆಗೆದುಕೊ. ಸಂಕ್ರಾಂತಿ ಕಳೆದರೆ ಕೆಡವುತ್ತಾರಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯವರೇ ನನಗೆ ಸಾರಿನ ಪುಡಿ ಮಾಡುವುದನ್ನು ಹೇಳಿಕೊಟ್ಟವರು. ಒಳಗೆ ತೊಟ್ಟಿ ಇದೆ, ನೋಡಿದ್ದೀಯಾ?” ಎಂದು, ಒಳಗಿನಿಂದ ಕಾಫಿ ತರಿಸಿ, ಅರ್ಧ ಗಂಟೆ ಆ ಮನೆಯ ಕಥೆಯನ್ನು ಹೇಳಿದರು. ವಿಮರ್ಶಕರ ಮಾತು ಇಲ್ಲಿ ಪೂರ್ಣವಾಗಿ ಸತ್ಯ. ಕ್ಯಾಮರಾದ ದೃಷ್ಟಿ ಕಿರಿದೇ. ಆದರೆ ಅದು ಅಗಲವಾಗಿದ್ದಿದ್ದರೆ ನಾನು ಬೀದಿಯಲ್ಲಿಯೇ ನಿಂತು ಚಿತ್ರ ತೆಗೆದು ಹೊರಟುಹೋಗುತ್ತಿದ್ದೆನು.

ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ನೆಲದಡಿಯಲ್ಲಿ ಪೇಟೆಯನ್ನು ಹಾದು, ಮಾರ್ಕೆಟ್ಟಿನಲ್ಲಿ ಇಳಿದು ಚಾಮರಾಜಪೇಟೆಗೆ ನಡೆದೆನು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮುಂದೆ ಹೋಗುವಾಗ ಸೆಲ್ಲು ಮುಗಿಯಿತು. ಬೀದಿಯ ಕೊನೆಯ ಚಿಲ್ಲರೆ ಅಂಗಡಿಯಲ್ಲಿ ಸಾಬೂನು, ಊದುಬತ್ತಿಗಳ ನಡುವೆ ಎರಡು ಸೆಲ್ಲು ಸಿಕ್ಕಿದುವು. ಐದನೆಯ ಆರೋಪ ಅಲ್ಲಿಯೇ ವಜಾ ಆಯಿತು. ಅದರ ಕಾಲದ ನಾಜೂಕಾದ ಎಷ್ಟೋ ಕ್ಯಾಮರಾಗಳು ಈಗ ಬೀರುವಿನಲ್ಲಿ ನಿದ್ರಿಸುತ್ತಿವೆ. ಅವುಗಳಿಗೆಂದೇ ಮಾಡಿದ ಬ್ಯಾಟರಿಗಳು ಸಿಕ್ಕುವುದಿಲ್ಲ.

ಅಲ್ಲಿಂದ ಎರಡು ಬೀದಿ ದಾಟಿದರೆ ನಮ್ಮ ಮನೆಯಿದ್ದ ಜಾಗ. 2011ರಲ್ಲಿ ಅಣ್ಣನೂ ನಾನೂ ಸೇರಿ ಅದನ್ನು ಮಾರಿದೆವು. ಈಗ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಚಿತ್ರ ತೆಗೆಯಲು ಮನಸ್ಸಾಗಲಿಲ್ಲ, ಮುಂದಕ್ಕೆ ನಡೆದೆನು.

ಅಂದು ಕಾರ್ತಿಕದ ಕಡೆಯ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿಯ ಹೊಲಗಳ ಕಡಲೆಕಾಯಿಯನ್ನು ಬಸವನು ಮೇಯುತ್ತಿದ್ದನೆಂದೂ, ರೈತರು ಮೊದಲ ಫಸಲನ್ನು ಅವನಿಗೊಪ್ಪಿಸುವುದಾಗಿ ಹರಸಿಕೊಂಡರೆಂದೂ ಐತಿಹ್ಯ. ಈಗ ಸುತ್ತಣ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಕಾಯಿ ಬಂದು ರಸ್ತೆಯ ಎರಡು ಪಕ್ಕಗಳಲ್ಲಿ ರಾಶಿ ಬೀಳುತ್ತದೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಬೇರೆ ಬೇರೆ. ಒಬ್ಬನು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುತ್ತಿದ್ದನು. ಕಾಯಿ ಸುರಿಯುವ ಕ್ಷಣವನ್ನು ಹಿಡಿಯಬೇಕೆಂದು ಗುಂಡಿಯೊತ್ತಿದೆನು. ಬರಿಯ ಸೇರಿನ ಚಿತ್ರ ಬಂದಿತು. ಮತ್ತೆ ಒತ್ತಿದೆನು; ಅವನು ಹಣ ಎಣಿಸುವ ಚಿತ್ರ ಬಂದಿತು.

ಈ ವಿಳಂಬದ ಕಾರಣ ಸರಳವಾದದ್ದು. ಗುಂಡಿಯೊತ್ತಿದ ಮೇಲೆ ಯಂತ್ರವು ಮೊದಲು ದೂರವನ್ನು ಗೊತ್ತುಮಾಡಿಕೊಳ್ಳಬೇಕು, ಬೆಳಕನ್ನು ಅಳೆಯಬೇಕು, ಚಿತ್ರ ಆಮೇಲೆ. ಗುಂಡಿಯನ್ನು ಅರ್ಧ ಮಾತ್ರ ಅದುಮಿ ಹಿಡಿದರೆ ಈ ಸಿದ್ಧತೆಯೆಲ್ಲ ಮುಂಚೆಯೇ ಮುಗಿದಿರುತ್ತದೆ. ಸಮಯ ಬಂದಾಗ ಉಳಿದರ್ಧವನ್ನು ಒತ್ತಿದರಾಯಿತು. ಹಾಗೆ ಮೂರನೆಯ ಸಲ ಪ್ರಯತ್ನಿಸಿದಾಗ ಕಡಲೆಕಾಯಿ ಗಾಳಿಯಲ್ಲಿಯೇ ಸಿಕ್ಕಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮರಾ ಕೇವಲ 10,000 ಚುಕ್ಕೆಗಳ ಒಂದು ಚಿತ್ರವನ್ನು ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡು ತೆಗೆದುಕೊಳ್ಳುತ್ತಿದ್ದಿತು. ಅಷ್ಟರಲ್ಲಿ ನಮ್ಮ ವ್ಯಾಪಾರಿ ಒಂದು ಮೂಟೆಯನ್ನೇ ಖಾಲಿ ಮಾಡುತ್ತಿದ್ದನೋ ಏನೋ!

ಉಳಿದುದು ಮೊದಲನೆಯ ಆರೋಪ. ಐದರಲ್ಲಿ ಅದೇ ಭಾರವಾದುದು. ಪರಿಷೆಯ ದಿನ ಗುಡಿಯೊಳಗೆ ಕಾಲಿಡಲು ಎಡೆಯಿಲ್ಲ. ಗುರುವಾರ ಮತ್ತೆ ಹೋದೆನು. ದೊಡ್ಡ ಬಸವಣ್ಣನು ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ. ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. ಎಣ್ಣೆ ಮಸಿಗಳಿಂದ ಕಪ್ಪಾಗಿ ಕತ್ತಲೆಯೊಡನೆ ಕತ್ತಲೆಯಾಗಿದ್ದಾನೆ. ನನ್ನ ಕ್ಯಾಮರಾದಲ್ಲಿ ಬೆಳಕನ್ನು ಗ್ರಹಿಸತಕ್ಕ ಬಿಲ್ಲೆ ಸುಮಾರು 6 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ಎತ್ತರ ಉಳ್ಳುದು. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರಲ್ಲಿ 60 ಲಕ್ಷ ಕಣಗಳಿವೆ. ಒಂದೊಂದಕ್ಕೂ ಬೀಳುವ ಬೆಳಕು ಅತ್ಯಲ್ಪ. ಆ ಅಲ್ಪವನ್ನು ಹಿಗ್ಗಿಸುವಾಗ ಅದರೊಡನೆ ಇರುವ ಏರುಪೇರೂ ಹಿಗ್ಗಿ ರವೆಯಂತೆ ಕಾಣುತ್ತದೆ. ಹಿಗ್ಗಿಸಬೇಡವೆಂದು ಗೊತ್ತುಮಾಡಿ, ಅರ್ಚಕರ ಅನುಮತಿ ಪಡೆದು, ಕ್ಯಾಮರಾವನ್ನು ಕಟ್ಟೆಯ ಮೇಲೆ ಭದ್ರವಾಗಿಟ್ಟು, ಒಂದು ಸೆಕೆಂಡಿನ ಕಾಲ ಕಣ್ಣು ತೆರೆದಿರುವಂತೆ ಮಾಡಿದೆನು. ಶತಮಾನಗಳಿಂದ ಅಲುಗಾಡದೆ ಕುಳಿತಿರುವ ಸ್ವಾಮಿಗೆ ಒಂದು ಸೆಕೆಂಡು ಯಾವ ಲೆಕ್ಕ? ಕೊರಳ ಗಂಟೆಯ ಸರವೂ ಸ್ಪಷ್ಟವಾಗಿ ಮೂಡಿತು. ಆದರೆ ಮನುಷ್ಯರು ಬಸವಣ್ಣನಂತೆ ಕೂರುವುದಿಲ್ಲ. ಆ ಆರೋಪಕ್ಕೆ ಇದು ಪೂರ್ಣ ಉತ್ತರವಲ್ಲವೆಂದು ನನಗೆ ಗೊತ್ತಿದ್ದಿತು.

ಅಲ್ಲಿಂದ ಗವಿಪುರದ ಗಂಗಾಧರೇಶ್ವರನ ಗುಡಿಗೆ ನಡೆದೆನು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ವಾಚಕರು ಕೇಳಿಯೇ ಇರುವರು. ಅಂಗಳದಲ್ಲಿ ಸೂರ್ಯ ಚಂದ್ರರ ದೊಡ್ಡ ಕಲ್ಲಿನ ಬಿಲ್ಲೆಗಳೂ ತ್ರಿಶೂಲ ಡಮರುಗಳೂ ನಿಂತಿವೆ. 1792ರ ಸುಮಾರಿಗೆ ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು, ಚಿಕ್ಕಪ್ಪನೂ ಅಣ್ಣನ ಮಗನೂ, ಈ ಸೀಮೆಯಲ್ಲಿ ಸಂಚರಿಸಿ ಈ ಗುಡಿಯ ಚಿತ್ರವನ್ನು ಬರೆದರು. ಎರಡು ಶತಮಾನಗಳಾದ ಮೇಲೆ, 2008ರಲ್ಲಿ, ಇಲ್ಲಿಯ ವಿಜ್ಞಾನಿಗಳು ಆ ಚಿತ್ರಗಳನ್ನು ಈಗಿನ ಗುಡಿಯೊಡನೆ ಹೋಲಿಸಿ, ನಡುವೆ ಹೊಸ ಗೋಡೆಗಳೂ ಕಟ್ಟಡಗಳೂ ಸೇರಿ ಬಿಸಿಲಿನ ಹಾದಿಯೇ ಬದಲಾಗಿದೆಯೆಂದು ತೋರಿಸಿಕೊಟ್ಟರು. ಬರೆದವರಿಗೆ ಇಂಥ ಉಪಯೋಗದ ಕಲ್ಪನೆಯೂ ಇದ್ದಿರಲಾರದು. ಆ ಚಿತ್ರಗಳಲ್ಲಿ ಎಷ್ಟು ಲಕ್ಷ ಚುಕ್ಕೆಗಳಿವೆಯೆಂದು ಯಾರೂ ಕೇಳಲಿಲ್ಲ. ಗೋಡೆ ಏಳುವುದಕ್ಕೆ ಮುಂಚೆ ಅವರು ಅಲ್ಲಿ ನಿಂತಿದ್ದರು, ಅಷ್ಟೆ.

ಹಿಂದಿರುಗುವಾಗ ಗಾಂಧಿಬಜಾರಿನಲ್ಲಿ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಮನೆ ಸೇರಿದೆನು. ರಾತ್ರಿ ಊಟವಾದ ಮೇಲೆ ಹುಡುಗನನ್ನು ಕೂರಿಸಿಕೊಂಡು ವಿಚಾರಣೆಯ ಫಲವನ್ನು ಹೇಳಿದೆನು. ಕಡೆಗೆ ಪೆಟ್ಟಿಗೆಯಿಂದ ಒಂದು ಚಿತ್ರವನ್ನು ತೆಗೆದು ಅವನ ಕೈಗೆ ಕೊಟ್ಟೆನು. ಚಾಮರಾಜಪೇಟೆಯ ಮನೆಯನ್ನು ಬಿಟ್ಟುಕೊಟ್ಟ ಹಿಂದಿನ ಸಂಜೆ ತೆಗೆದದ್ದು. ವಿದ್ಯುತ್ತನ್ನು ಆಗಲೇ ಕತ್ತರಿಸಿದ್ದರು. ಕೆಂಪು ಗಾರೆಯ ನೆಲದ ಮೇಲೆ, ಕಂಬಕ್ಕೆ ಒರಗಿ, ಅವನ ತಾಯಿ ಕುಳಿತಿದ್ದಾಳೆ. ಮಡಿಲಲ್ಲಿ ಬೀಗದ ಕೈಗಳ ಗೊಂಚಲು. ಫ್ಲ್ಯಾಷ್ ಬೇಡವೆಂದು ಅತ್ತಿಗೆ ಹೇಳಿದ್ದಳು. ಚಿತ್ರದ ತುಂಬ ರವೆ. ಆಗ ಅವನು ಹೊರದೇಶದಲ್ಲಿದ್ದನು. ಮನೆಯನ್ನೂ ಕಡೆಗೆ ನೋಡಲಿಲ್ಲ. ಎರಡು ವರ್ಷದ ಮೇಲೆ ತಾಯಿಯ ಕೊನೆಗಾಲಕ್ಕೂ ಬರಲಾಗಲಿಲ್ಲ.

ಬಹಳ ಹೊತ್ತು ನೋಡಿದನು. “ಇದನ್ನು ನನಗೇಕೆ ತೋರಿಸಿರಲಿಲ್ಲ?” ಎಂದನು.

“ಚೆನ್ನಾಗಿ ಬಂದಿಲ್ಲವೆಂದು” ಎಂದೆನು. ಅದು ನಿಜ. ವಿಮರ್ಶೆಯ ಹಾಳೆಯನ್ನು ಇಷ್ಟು ವರ್ಷ ಜಗಳವಾಡಲೆಂದು ಇಟ್ಟುಕೊಂಡಿದ್ದ ನಾನು, ಆ ಚಿತ್ರದ ಮಟ್ಟಿಗೆ ಅದನ್ನು ನಂಬಿಬಿಟ್ಟಿದ್ದೆನು.

ಅವನು ಮೂಲಪ್ರತಿಯನ್ನು ತನ್ನ ಯಂತ್ರಕ್ಕೆ ಹಾಕಿಕೊಂಡು ರವೆಯನ್ನು ತೆಗೆಯಲು ಪ್ರಯತ್ನಿಸಿದನು. ರವೆ ಹೋಯಿತು. ಅದರೊಡನೆ ಅತ್ತಿಗೆಯ ಕಣ್ಣಿನ ಕೊನೆಯ ಸುಕ್ಕುಗಳೂ ಸೀರೆಯ ನೇಯ್ಗೆಯೂ ಹೋದುವು. ಮುಖ ಮೇಣದ ಬೊಂಬೆಯಂತಾಯಿತು. “ಇವಳು ನಮ್ಮಮ್ಮನಲ್ಲ” ಎಂದು ಮೊದಲಿದ್ದ ಹಾಗೆಯೇ ಇಟ್ಟನು. ಮರುದಿನ ಆರಂಗುಲ ನಾಲ್ಕಂಗುಲದ ಎರಡು ಪ್ರತಿಗಳನ್ನು ಮಾಡಿಸಿದನು. ಆ ಅಳತೆಗೆ 22 ಲಕ್ಷ ಚುಕ್ಕೆಗಳು ಧಾರಾಳವಾಗಿ ಸಾಕು. ಕೈಯಳತೆಯ ದೂರದಲ್ಲಿ ಹಿಡಿದರೆ ರವೆ ಅಷ್ಟೇನೂ ಕಾಣದು.

ಇಷ್ಟರಿಂದ ವಿಮರ್ಶಕರನ್ನು ನಾನು ನಿಂದಿಸುವುದಿಲ್ಲ. ಅವರು ಅಳೆದುದನ್ನು ಪ್ರಾಮಾಣಿಕವಾಗಿ ಅಳೆದಿದ್ದಾರೆ. ಹಣ ತೆತ್ತು ಕೊಳ್ಳುವ ಗೃಹಸ್ಥನಿಗೆ ಅಂಥ ಅಳತೆ ಬೇಕು. ಐದರಲ್ಲಿ ಎರಡನ್ನು ಪೂರ್ತಿಯಾಗಿ, ಎರಡನ್ನು ಅರ್ಧರ್ಧವಾಗಿ ಒಪ್ಪುತ್ತೇನೆ, ಒಂದನ್ನು ಒಪ್ಪೆನು. ಆದರೆ ಮನೆಮಂದಿಯ ವಿನೋದ ಬೇರೆ, ಗಂಭೀರವಾದ ಕೆಲಸ ಬೇರೆ ಎಂದರಲ್ಲ, ಆ ತೀರ್ಪಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ವಾಚಕರ ಮನೆಗಳಲ್ಲಿಯೂ ಹಳೆಯ ಜಗಲಿಗಳಿರಬಹುದು, ಅದರ ಮೇಲೆ ಕುಳಿತುಕೊಳ್ಳುವ ಹಿರಿಯರಿರಬಹುದು. ಕೈಯಲ್ಲಿ ಯಾವುದಿದೆಯೋ ಅದರಿಂದಲೇ ಚಿತ್ರ ತೆಗೆದಿಡಿ. ಸರಿಯಾಗಿ ಬರಲಿಲ್ಲವೆಂದು ಬಚ್ಚಿಡಬೇಡಿ.

ಹೊರಡುವ ಮೊದಲು ಹುಡುಗನು ಹೊಸ ಕ್ಯಾಮರಾವನ್ನು ತಂದುಕೊಟ್ಟೇ ಹೋದನು. ಒಳ್ಳೆಯದು; ಅದರ ದೃಷ್ಟಿ ಅಗಲವಾಗಿದೆ. ಸಂಕ್ರಾಂತಿಗೆ ಮುಂಚೆ ಮಲ್ಲೇಶ್ವರದ ಆ ಮನೆಯವರನ್ನು ಕೇಳಿಕೊಂಡು ಒಳಗಿನ ತೊಟ್ಟಿಯ ಚಿತ್ರ ತೆಗೆಯಬೇಕೆಂದಿದ್ದೇನೆ. ಹೊಸದನ್ನು ಕೊರಳಿಗೆ ಹಾಕಿಕೊಳ್ಳುತ್ತೇನೆ, ಹಳೆಯದು ಜೇಬಿನಲ್ಲಿರುತ್ತದೆ.