ಅಣ್ಣನ ಗಿಟಾರು

ಅಣ್ಣನ ರೆಸೊನೇಟರ್ ಗಿಟಾರನ್ನು ಕಳೆದ ತುಲಾಮಾಸದಲ್ಲಿ ಮಾರಿಬಿಟ್ಟೆ. ಮನೆಯ ಮಾಡು ಎರಡೂ ಕಡೆ ಸೋರುತ್ತಿತ್ತು. ಪಕ್ಕಾಸು, ರೀಪು ಬದಲಿಸಲು ಹಣ ಬೇಕಿತ್ತು.

ಬಹರೈನಿನಲ್ಲಿ ದುಡಿಯುತ್ತಿದ್ದ ಅಣ್ಣ 1994ರಲ್ಲಿ ರಜೆಗೆ ಬಂದಾಗ ತಂದದ್ದು ಅದು. ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನಕ್ಕೆ ಮರದ ಹಲಗೆ ದನಿ ಕೊಡುತ್ತದೆ. ಇದರ ಹೊಟ್ಟೆಯೊಳಗೆ ತೆಳುವಾದ ಅಲ್ಯುಮಿನಿಯಮ್ ಬೋಗುಣಿಯಿದೆ. ವಿದ್ಯುತ್ ಗಿಟಾರು ಬಳಕೆಗೆ ಬರುವ ಮೊದಲು, ವಾದ್ಯಮೇಳದ ಗದ್ದಲದಲ್ಲೂ ಕೇಳಿಸಲೆಂದು 1920ರ ದಶಕದಲ್ಲಿ ಅಮೆರಿಕದಲ್ಲಿ ಕಂಡುಕೊಂಡ ಉಪಾಯ. ಅದನ್ನು ರೂಪಿಸಿದ ಜಾನ್ ಡೋಪ್ಯೆರ ಸ್ಲೊವಾಕ್ ಮೂಲದ ವಲಸೆಗಾರ. 1928ರಲ್ಲಿ ಸೋದರರು ಸೇರಿ ಹೊಸ ಕಂಪೆನಿ ಕಟ್ಟಿದಾಗ ‘ಡೋಬ್ರೊ’ ಎಂದು ಹೆಸರಿಟ್ಟರು. ‘ಡೋಪ್ಯೆರ ಬ್ರದರ್ಸ್’ ಎಂಬುದರ ಮೊಟಕು ರೂಪ ಅದು. ಅವರ ತಾಯಿನುಡಿಯಲ್ಲಿ ‘ಒಳ್ಳೆಯದು’ ಎಂದೂ ಅರ್ಥ. ಎರಡು ಭಾಷೆಗಳ ನಡುವೆ ಬದುಕುವ ಕಾಸರಗೋಡಿನ ನಮಗೆ ಈ ಜಾಣತನ ಬೇಗ ಹಿಡಿಸುತ್ತದೆ.

ಅಣ್ಣ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಿದ್ದ. ಅವನು ತೀರಿಕೊಂಡು ಆರು ವರ್ಷವಾಯಿತು. ನನಗೆ ನುಡಿಸಲು ಬಾರದು. ಕಾಪಾಡಲು ಮಾತ್ರ ಗೊತ್ತಿತ್ತು. ಮಳೆಗಾಲದಲ್ಲಿ ತಂತಿ ಸಡಿಲಿಸುವುದು, ಹಳೆಯ ಪಂಚೆಯ ತುಂಡಿನಿಂದ ಒರೆಸುವುದು, ಸೋರದ ಕೋಣೆಯಲ್ಲಿ ಇಡುವುದು.

ಕೊಳ್ಳಲು ಬಂದವನು ಪಯ್ಯನ್ನೂರಿನ ಹುಡುಗ. ಪೆಟ್ಟಿಗೆ ತೆರೆದೊಡನೆ, “ಪುತಿಯದು ಪೋಲೆ ಉಂಡಲ್ಲೋ ಮಾಷೇ!” ಎಂದ. ಹೊಸದರಂತಿದೆ ಎಂಬ ಆ ಮಾತಿಗೆ ಮೊದಲು ಹಿಗ್ಗಿದೆ. ಮರುಕ್ಷಣ ನಾಚಿಕೆಯಾಯಿತು. ಆರು ವರ್ಷ ಯಾರೂ ಮುಟ್ಟದಿದ್ದರೆ ಹೊಸದರಂತಿರದೆ ಮತ್ತೇನು?

ಅವನು ಸಪೂರ ತಂತಿಗಳನ್ನು ಮೀಟಿ ನೋಡಿ, ನಾನು ಹೇಳಿದ ಬೆಲೆಗೆ ಒಪ್ಪಿಯೇಬಿಟ್ಟ. ಆದರೆ ದಪ್ಪ ತಂತಿ ಮೀಟಿದರೆ ಒಳಗೆ ಸಣ್ಣಗೆ ಗುರುಗುಟ್ಟುತ್ತಿತ್ತು. ಹಿಂದೊಮ್ಮೆ ಧೂಳು ತೆಗೆಯಲೆಂದು ಮುಚ್ಚಳ ಬಿಚ್ಚಿದಾಗ ನನ್ನದೇ ಹೆಬ್ಬೆರಳು ಒತ್ತಿ ಬೋಗುಣಿ ತಗ್ಗಾಗಿತ್ತು. ಹೇಳದಿದ್ದರೆ ಅಂದು ಗೊತ್ತಾಗುತ್ತಿರಲಿಲ್ಲ. ಬಡಗಿ ಹೇಳಿದ ಲೆಕ್ಕ ಕಣ್ಣ ಮುಂದೆ ಬಂತು. ಅಣ್ಣನ ಮುಖವೂ ಬಂತು. ಹೇಳಿದೆ.

ಹುಡುಗ ದಪ್ಪ ತಂತಿಯನ್ನೂ ಮೀಟಿ ಕಿವಿಗೊಟ್ಟ. “ಸಾರಮಿಲ್ಲ ಮಾಷೇ, ಬೋಗುಣಿ ಬದಲಿಸಬಹುದು” ಎಂದು ಮೂರು ಸಾವಿರ ಕಡಿಮೆ ಕೊಟ್ಟ. ಹೊರಡುವ ಮೊದಲು ಜಗಲಿಯಲ್ಲಿ ಕುಳಿತು ನುಡಿಸಿದ. ಗುರುಗುಟ್ಟುವ ದನಿಯೂ ಸೇರಿ, ಆರು ವರ್ಷದ ಮೇಲೆ ಮನೆ ತುಂಬಿತು. ಒಳಗಿನಿಂದ ಅತ್ತಿಗೆ ಬಾಗಿಲವರೆಗೆ ಬಂದು ನಿಂತರು. ಏನೂ ಹೇಳಲಿಲ್ಲ.

ಆ ಹಣದಲ್ಲಿ ಮಾಡಿನ ಒಂದು ಕಡೆ ಸರಿಯಾಯಿತು. ಇನ್ನೊಂದು ಕಡೆ ಈಗಲೂ ಸೋರುತ್ತದೆ. ಅಡಿಯಲ್ಲಿ ಅಲ್ಯುಮಿನಿಯಮ್ ಪಾತ್ರೆಯೊಂದನ್ನು ಇಟ್ಟಿದ್ದೇನೆ. ರಾತ್ರಿ ಮಳೆ ಬಂದಾಗ ಅದರ ದನಿ ಕೇಳುತ್ತ ಮಲಗುತ್ತೇನೆ.