ನೀರು ಸಮುದ್ರಕ್ಕೆ ಹೋದರೆ

ಮಾಣಿಕಟ್ಟಾ, ಕುಮಟಾ ತಾಲ್ಲೂಕು
ಆಶ್ವಯುಜ ಮಾಸ

ತೀರ್ಥರೂಪ ಅಪ್ಪಾಜಿಯವರಿಗೆ,

ಭತ್ತ ಹೊಡೆ ಒಡೆಯುವ ಹೊತ್ತಿನಲ್ಲಿ ಗದ್ದೆ ಬಿಟ್ಟು ಬರಲಾರೆ ಎಂದು ನೀವು ಮಲೆಬೆನ್ನೂರಿನಲ್ಲೇ ಉಳಿದಿರಿ. ಫೋನು ಮಾಡಿದರೆ ಕಾಲುವೆಗೆ ನೀರು ಬಂತೋ ಇಲ್ಲವೋ ಎನ್ನುವಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಇಲ್ಲಿ ಕಂಡದ್ದರಲ್ಲಿ ನಿಮಗೆ ಸಾವಧಾನವಾಗಿ ಹೇಳಬೇಕಾದದ್ದು ಬಹಳ ಇದೆ. ಅದಕ್ಕೇ ಕಾಗದ.

ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಜೋಗ ನೋಡಿಕೊಂಡು ಮಾವಿನಗುಂಡಿಯ ಮೇಲೆ ಘಾಟಿ ಇಳಿದೆವು. ದಾರಿಯ ಪಕ್ಕದ ಎತ್ತರದ ಮರದಲ್ಲಿ ಸಿಂಗಳೀಕಗಳ ಗುಂಪು ಕಂಡಿತು. ಕಪ್ಪು ಮೈ, ಮುಖದ ಸುತ್ತ ಬೆಳ್ಳಗಿನ ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವ ಅದು. ಸಣ್ಣವಳು ಬಿಸ್ಕತ್ತು ಎಸೆಯಲು ಹೋದಳು, ಅವಳಮ್ಮ ತಡೆದಳು. ತಿಂಡಿಯ ಆಸೆಗೆ ಅವು ರಸ್ತೆಗೆ ಇಳಿದರೆ ಲಾರಿಗೆ ಸಿಕ್ಕಿ ಸಾಯುತ್ತವೆ. ಗೇರುಸೊಪ್ಪೆ ದಾಟಿದ ಮೇಲೆ ಹೊನ್ನಾವರದವರೆಗೂ ಶರಾವತಿ ನಮ್ಮ ಪಕ್ಕದಲ್ಲೇ ಬಂದಳು.

ಹೊನ್ನಾವರದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಳಗೆ ಕೆಸರು, ಎರಡೂ ಕಡೆ ಬೇರುಗಳನ್ನು ಮೇಲೆತ್ತಿ ನಿಂತ ಗಿಡಗಳು. ಕಾಂಡ್ಲಾ ಗಿಡದ ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ ಅಪ್ಪಾಜಿ. ಗೇಣುದ್ದದ ಹಸಿರು ಕೋಲು ಕೊಂಬೆಯಿಂದ ಕೆಳಮುಖವಾಗಿ ತೂಗುತ್ತಿರುತ್ತದೆ, ತುದಿ ಚೂಪು. ಬಲಿತ ಮೇಲೆ ಕಳಚಿಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ಬಿದ್ದರೆ ಕೆಸರಿನಲ್ಲೇ ನಾಟಿಕೊಳ್ಳಬಹುದು. ಭರತದ ಹೊತ್ತಿನಲ್ಲಿ ಬಿದ್ದರೆ ತೇಲಿಹೋಗಿ ಇನ್ನೆಲ್ಲೋ ಬೇರು ಬಿಡುತ್ತದೆ. ದೊಡ್ಡವನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದು, “ಅಜ್ಜ ಸಸಿಮಡಿ ಮಾಡ್ತಾರಲ್ಲ, ಈ ಮರ ತಾನೇ ಸಸಿಮಡಿ” ಎಂದ. ಮಾತು ಸರಿಯಾಗಿಯೇ ಇತ್ತು.

ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಚೊಕ್ಕಟವಾಗಿದೆ, ಮಕ್ಕಳು ಕುಣಿದರು. ಆದರೆ ನನಗೆ ಹಿಡಿಸಿದ್ದು ಜನವಿಲ್ಲದ ತೀರಗಳು. ಕುಮಟಾದಿಂದ ಗೋಕರ್ಣದವರೆಗೆ ಗುಡ್ಡದ ಮೂಗು ಸಮುದ್ರದೊಳಕ್ಕೆ ಚಾಚುತ್ತದೆ, ಅದರಾಚೆ ಒಂದು ಪುಟ್ಟ ಮರಳ ದಂಡೆ, ಮತ್ತೆ ಕರಿಬಂಡೆ, ಮತ್ತೆ ಗುಡ್ಡ. ಮಳೆಗಾಲ ಈಗಷ್ಟೇ ಮುಗಿದಿರುವುದರಿಂದ ಹುಲ್ಲು ಬಂಡೆಯ ತುದಿಯವರೆಗೂ ಹಸಿರಾಗಿದೆ. ಈ ಕರಾವಳಿಯ ಕೆಲವು ಮರಳ ದಂಡೆಗಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನಲ್ಲಿ ಸಣ್ಣ ಏಡಿಗಳು ಗುಂಡುಗುಂಡಾಗಿ ಮರಳುಂಡೆ ಕಟ್ಟಿ ಬಿಲದ ಸುತ್ತ ಜೋಡಿಸುವುದನ್ನು ಮಕ್ಕಳು ಬೋರಲಾಗಿ ಮಲಗಿ ನೋಡಿದರು. ಮುಂದಿನ ಭರತ ಬಂದರೆ ಎಲ್ಲಾ ಅಳಿಸಿಹೋಗುತ್ತದೆ, ನೀರು ಇಳಿದ ಮೇಲೆ ಏಡಿ ಮತ್ತೆ ಶುರುಮಾಡುತ್ತದೆ. ಮಿರ್ಜಾನ್ ಕೋಟೆಯನ್ನೂ ನೋಡಿದೆವು. ಚೀರೆಕಲ್ಲಿನ ದೊಡ್ಡ ಕೋಟೆ, ಅದರ ಕಥೆ ಊರಿಗೆ ಬಂದ ಮೇಲೆ ಹೇಳುತ್ತೇನೆ.

ಈಗ ನಿಮಗೆ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಅಘನಾಶಿನಿ ಹೊಳೆ ಶಿರಸಿಯಲ್ಲಿ ಹುಟ್ಟಿ, ಘಟ್ಟ ಇಳಿದು, ಈ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಹುಟ್ಟಿದಲ್ಲಿಂದ ಕಡಲಿನವರೆಗೆ ಎಲ್ಲೂ ಜಲಾಶಯವಿಲ್ಲ, ವಿದ್ಯುತ್ ಯೋಜನೆಯೂ ಇಲ್ಲ. ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಇಲ್ಲಿಯವರು ಕಗ್ಗ ಎನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ನೀರಿನ ಭತ್ತ! ನಮ್ಮ ಅಚ್ಚುಕಟ್ಟಿನಲ್ಲಿ ಜಮೀನು ಚೌಳಾದರೆ ಆ ಹೊಲದ ಕಥೆ ಮುಗಿಯಿತೆಂದೇ ನಾವು ತಿಳಿಯುವುದು. ಇಲ್ಲಿ ಎದೆಮಟ್ಟ ಬೆಳೆದ ಪೈರು ತೆನೆ ಬಾಗಿ ನಿಂತಿದೆ, ಬದುವಿನಾಚೆ ಕಡಲ ನೀರು ಏರಿ ಇಳಿಯುತ್ತಿದೆ.

ನಾವು ಉಳಿದ ಮನೆಯ ಯಜಮಾನರು ನನ್ನನ್ನು ಕಟ್ಟೆಯ ಮೇಲೆ ನಡೆಸಿಕೊಂಡು ಹೋಗಿ ತೂಬು ತೋರಿಸಿದರು. ಕಲ್ಲಿನ ಎರಡು ಕಂಬ, ಅವುಗಳಲ್ಲಿ ತೋಡು ಕೊರೆದು ಒಂದರ ಮೇಲೊಂದು ಇಳಿಸಿದ ಹಲಗೆಗಳು, ಸಂದಿಗೆ ಮೆತ್ತಿದ ಕೆಸರು. ಒಳಗಿನ ನೀರು ಹೆಚ್ಚಾದರೆ ಇಳಿತದ ಹೊತ್ತಿಗೆ ಹಲಗೆ ಎತ್ತಿ ಹೊಳೆಗೆ ಬಿಡುತ್ತಾರೆ, ಭರತ ಬರುವ ಮೊದಲು ಮತ್ತೆ ಇಳಿಸುತ್ತಾರೆ. ನಮ್ಮ ಕಾಲುವೆಯ ಸೌಡಿ ನೀರಿನ ಆನ್-ಆಫ್ ಲೆಕ್ಕ ನೋಡುವಂತೆ ಇವರು ಚಂದ್ರನ ತಿಥಿ ನೋಡುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗೆ ಭರತ ಜೋರು, ಆಗ ಕಟ್ಟೆಯ ಮೇಲೆ ಕಣ್ಣು ಹೆಚ್ಚು.

ಜೂನಿನಲ್ಲಿ ಮಳೆ ಹಿಡಿದು, ಮಣ್ಣಿನ ಉಪ್ಪು ತೊಳೆದುಹೋದ ಮೇಲೆ, ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ಉಕ್ಕಿ ಪೈರು ಮುಳುಗಿದರೂ ಕೆಲವು ದಿನ ತಡೆದುಕೊಳ್ಳುತ್ತದೆ. “ಕಟ್ಟೆ ಒಡೆದು ಉಪ್ಪು ನೀರು ನುಗ್ಗಿದ್ರೂ ಕಗ್ಗ ಅಷ್ಟು ಸುಲಭಕ್ಕೆ ಸಾಯುದಿಲ್ಲ” ಎಂದರು ಯಜಮಾನರು. ಕೊಯ್ಲಿನಲ್ಲಿ ತೆನೆಯ ಭಾಗ ಮಾತ್ರ ತೆಗೆದು ಕೂಳೆಯನ್ನು ಎತ್ತರಕ್ಕೇ ಬಿಡುತ್ತಾರೆ. ಆಮೇಲೆ ಹಲಗೆ ಎತ್ತಿ ಉಪ್ಪು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಕೂಳೆ ಕೊಳೆತು ಮೀನಿಗೂ ಸಿಗಡಿಗೂ ಮೇವಾಗುತ್ತದೆ. ಅರ್ಧ ವರ್ಷ ಭತ್ತ, ಅರ್ಧ ವರ್ಷ ಮೀನು.

ಇಳುವರಿ ನಮ್ಮ ಆರ್‌ಎನ್‌ಆರ್ ಭತ್ತದ ಹತ್ತಿರಕ್ಕೂ ಬರುವುದಿಲ್ಲ. ಕೂಲಿಯಾಳು ಸಿಗುವುದಿಲ್ಲ, ಕಟ್ಟೆ ದುರಸ್ತಿ ಒಬ್ಬರಿಂದ ಆಗುವುದಿಲ್ಲ, ಸಿಗಡಿಯಲ್ಲಿ ಹಣ ಹೆಚ್ಚು. ಹಾಗಾಗಿ ಎಷ್ಟೋ ಜನ ಕಗ್ಗ ಬಿಟ್ಟಿದ್ದಾರೆ. ಮಾಣಿಕಟ್ಟಾದವರು ಒಟ್ಟಾಗಿ ನಿಂತು ಉಳಿಸಿಕೊಂಡಿದ್ದಾರೆ. ರಾತ್ರಿ ಅದೇ ಅಕ್ಕಿಯ ಗಂಜಿ ಹಾಕಿದರು, ಕೆಂಬಣ್ಣದ್ದು, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ. ನಿಮ್ಮ ಸೊಸೆ ಎರಡನೇ ಸಲ ಬಡಿಸಿಕೊಂಡಳು.

ಮಾರನೇ ದಿನ ಇಳಿತದಲ್ಲಿ ಅಳಿವೆಯ ನಡುವಿನ ದಿಬ್ಬಗಳು ಎದ್ದವು. ಸೊಂಟಕ್ಕೆ ಸೀರೆ ಬಿಗಿದ ಹೆಂಗಸರು ಸಾಲಾಗಿ ಬಾಗಿ ಮರಳಿನೊಳಗಿಂದ ಬಳಚು ಹೆಕ್ಕುತ್ತಿದ್ದರು. ಚಿಪ್ಪಿನೊಳಗಿನ ಈ ಜೀವ ಸಾವಿರಾರು ಮನೆಗಳಿಗೆ ಊಟ, ದುಡಿಮೆ ಎರಡೂ. ಅದಕ್ಕೆ ಬೇಕಾದದ್ದು ಸಿಹಿ ನೀರೂ ಅಲ್ಲ, ಬರೀ ಕಡಲ ನೀರೂ ಅಲ್ಲ, ಎರಡೂ ಹದವಾಗಿ ಬೆರೆತದ್ದು. ಮಳೆಗಾಲದಲ್ಲಿ ಹೊಳೆಯ ಕೈ ಮೇಲಾಗಬೇಕು, ಬೇಸಿಗೆಯಲ್ಲಿ ಕಡಲಿನದು. ಪಕ್ಕದ ಶರಾವತಿಯಲ್ಲಿ ಕರೆಂಟು ತೆಗೆದ ನೀರು ವರ್ಷವಿಡೀ ಅಳಿವೆಗೆ ಬರುವುದರಿಂದ ಉಪ್ಪು ಕಡಿಮೆಯಾಗಿ, ಅಲ್ಲಿ ಬಳಚು ಹೆಚ್ಚುಕಡಿಮೆ ಇಲ್ಲವಾಗಿದೆ. ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮೊದಲಾದವರು ಎರಡೂ ಹೊಳೆಗಳನ್ನು ಹೋಲಿಸಿ ಬರೆದಿದ್ದಾರೆ. ಒಂದೇ ಕಡಲು, ಒಂದೇ ಮಳೆ. ಒಂದು ಹೊಳೆಯನ್ನು ಕಟ್ಟಿದ್ದಾರೆ, ಇನ್ನೊಂದನ್ನು ಬಿಟ್ಟಿದ್ದಾರೆ.

ಅಪ್ಪಾಜಿ, ಮಳೆಗಾಲದಲ್ಲಿ ಪೇಪರು ಹಿಡಿದು ಭದ್ರಾ ಜಲಾಶಯದ ಮಟ್ಟ 186 ಅಡಿಗೆ ಇನ್ನೆಷ್ಟು ಬಾಕಿ ಎಂದು ನೋಡುತ್ತಾ, ಪಶ್ಚಿಮಕ್ಕೆ ಹರಿಯುವ ನೀರೆಲ್ಲಾ ಸಮುದ್ರಕ್ಕೆ ಹೋಗಿ ಪೋಲಾಗುತ್ತದೆ ಎಂದು ನೀವು ಹೇಳುತ್ತೀರಿ. ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಕಾಲುವೆಯ ಕೊನೆಭಾಗದ ರೈತರಿಗೆ ನೀರಿನ ಬೆಲೆ ಗೊತ್ತು, ಆ ಮಾತು ಹೊಟ್ಟೆಯ ಸಂಕಟದಿಂದ ಬಂದದ್ದು. ಭದ್ರಾ ಅಣೆಕಟ್ಟೆ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಎರಡು ಬೆಳೆ ಎಲ್ಲಿಂದ, ನನ್ನ ಓದು ಎಲ್ಲಿಂದ? ಅಣೆಕಟ್ಟೆಯೇ ಬೇಡ ಎಂದು ಹೇಳುವ ಮಗನಲ್ಲ ನಾನು. ಆದರೆ ಪೋಲು ಎನ್ನುವುದು ಸುಳ್ಳು. ಹೊಳೆಯ ನೀರು ಕಡಲನ್ನು ಮುಟ್ಟುವ ಜಾಗದಲ್ಲೇ ಕಗ್ಗ ಬೆಳೆಯುತ್ತದೆ, ಬಳಚು ಬಲಿಯುತ್ತದೆ, ಕಾಂಡ್ಲಾ ಮೊಳೆಯುತ್ತದೆ, ಮೀನು ಮರಿ ಮಾಡುತ್ತದೆ. ಇವರೂ ಕೊನೆಭಾಗದವರೇ, ಅಘನಾಶಿನಿಯ ಕೊನೆಭಾಗದವರು. ಮೇಲೆ ನೀರು ತಿರುಗಿಸಿದರೆ ಮೊದಲು ಒಣಗುವುದು ಯಾರ ಗದ್ದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಇದೇ ಅಳಿವೆಯ ದಂಡೆಯ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡಬೇಕೆಂದಿದ್ದರಂತೆ, ಜನ ಒಪ್ಪಲಿಲ್ಲ, ಕೈಬಿಡಬೇಕಾಯಿತು. ಈಗ ಅಘನಾಶಿನಿಯನ್ನು ವೇದಾವತಿಗೆ, ಬೇಡ್ತಿಯನ್ನು ವರದೆಗೆ ಜೋಡಿಸುವ ಮಾತು ನಡೆದಿದೆ. ಬಯಲುಸೀಮೆಗೆ ನೀರು ಬೇಕು, ಅದು ನಿಜ. ಆದರೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಇದು, ನಮ್ಮ ರಾಜ್ಯದಲ್ಲಿ ಇಂಥವು ಬೆರಳೆಣಿಕೆಯಷ್ಟು. ಇದರ ಜೀವವನ್ನು ತೆಗೆದು ನಮ್ಮ ಕೆರೆ ತುಂಬಿಸುವುದು ನನಗೆ ಸರಿಕಾಣುವುದಿಲ್ಲ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಈ ಮಾತು ಬಂದರೆ ಎದ್ದು ನಿಂತು ಹೇಳುತ್ತೇನೆ. ಆಗ ನೀವು ನನ್ನ ಪಕ್ಕದಲ್ಲಿ ಇರಬೇಕು ಎಂಬುದು ನನ್ನ ಆಸೆ.

ನಿನ್ನೆ ತದಡಿಯಿಂದ ದೋಣಿಯಲ್ಲಿ ಅಳಿವೆ ದಾಟುವಾಗ ಡಾಲ್ಫಿನ್ ಕಂಡವು. ಬೂದು ಬೆನ್ನು ಒಮ್ಮೆ ಮೇಲೆದ್ದು ಮುಳುಗಿತು, ಅದರ ಹಿಂದೆ ಇನ್ನೊಂದು. ಸಣ್ಣವಳು ಅಜ್ಜನಿಗೆ ತಪ್ಪದೆ ಬರೆಯಬೇಕೆಂದು ಹೇಳಿದ್ದಾಳೆ, ಬರೆದಿದ್ದೇನೆ.

ಇಲ್ಲಿಯ ಯಜಮಾನರು ನಮ್ಮ ಕಡೆಯ ಬೇಸಾಯವನ್ನು ಕೆದಕಿ ಕೆದಕಿ ಕೇಳಿದರು. ಕಾಲುವೆಯ ಕೊನೆಗೆ ನೀರು ಬಾರದಿದ್ದರೆ ಯಾರನ್ನು ಕೇಳುತ್ತೀರಿ, ಯಾವ ಹಂತದಲ್ಲಿ ನೀರು ತಪ್ಪಿದರೆ ತೆನೆ ಜೊಳ್ಳಾಗುತ್ತದೆ ಎಂದೆಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ. ಉಳಿದದ್ದನ್ನು ನಿಮ್ಮ ಬಾಯಿಂದಲೇ ಕೇಳಬೇಕಂತೆ, ಬಿತ್ತನೆ ಹೊತ್ತಿಗೆ ಕರೆದುಕೊಂಡು ಬನ್ನಿ ಎಂದಿದ್ದಾರೆ. ಬೇಸಿಗೆ ಬೆಳೆ ಒಕ್ಕಣೆಯಾಗಿ, ಮುಂಗಾರಿನ ಸಸಿಮಡಿಗೆ ಇನ್ನೂ ಸಮಯವಿರುವಾಗ, ಜೂನಿನಲ್ಲಿ ನಮ್ಮ ಕೈ ಖಾಲಿ ಇರುತ್ತದೆ. ಅವ್ವನನ್ನೂ ಕರೆದುಕೊಂಡು ನಾವು ಬರೋಣ. ಈಗಲೇ ಒಪ್ಪಿಬಿಡಿ, ಅವರಿಗೆ ಹೇಳಿಯೇ ಹೊರಡುತ್ತೇನೆ.

ಅವ್ವನಿಗೆ ನಮಸ್ಕಾರ ತಿಳಿಸಿ. ರಾತ್ರಿ ನೀರು ತಿರುಗಿಸಲು ಒಬ್ಬರೇ ಹೋಗಬೇಡಿ, ಬ್ಯಾಟರಿ ಹಿಡಿದು ಆಳನ್ನು ಕರೆದುಕೊಂಡೇ ಹೋಗಿ.

ಇಂತಿ ನಿಮ್ಮ ಮಗ