ಒಂದು ಗುಟುಕು ನೀರು

ಕಳೆದ ಮಾಘದಲ್ಲಿ ನಮ್ಮ 7 ವರ್ಷದ ಮೊಮ್ಮಗನಿಗೆ ಟಾನ್ಸಿಲ್ ಶಸ್ತ್ರಕ್ರಿಯೆಯಾಯಿತು. ಮರುದಿನವೇ ಮನೆಗೆ ಬಂದ ಬಾಲಕನು ನಗುತ್ತಿದ್ದುದರಿಂದ ಕಂಟಕ ಕಳೆಯಿತೆಂದು ನಾವು ಭಾವಿಸಿದೆವು. 3ನೆಯ ದಿನ ನೋವು ಇಮ್ಮಡಿಸಿತು. ಕಿವಿಯೂ ನೋಯುತ್ತದೆಂದು ಅತ್ತನು. ಗಂಟಲಿನ ನರವೇ ಕಿವಿಗೂ ಕವಲೊಡೆದಿರುವುದರಿಂದ ಹಾಗಾಗುವುದೆಂದು ವೈದ್ಯರು ತಿಳಿಸಿದರು. ಬಾಯಿ ತೆರೆಯಿಸಿ ನೋಡಿದರೆ ಬಿಳಿಯ ಪೊರೆ! ಕೀವೆಂದೇ ಬಗೆದು ಅರಿಸಿನದ ಕಷಾಯ ಹಾಕಲು ಹೊರಟಿದ್ದೆವು, ಸೊಸೆ ತಡೆದಳು. ಅದು ಗಾಯ ಮಾಯುವಾಗ ಕಟ್ಟುವ ಪೊರೆಯಂತೆ. ಮಠದಲ್ಲಿ ಶಾಸ್ತ್ರವನ್ನೋದಿದ ನಮಗಿಂತ ಆಕೆಗೆ ಹೆಚ್ಚು ತಿಳಿದಿತ್ತೆಂದು ಒಪ್ಪಲು ಈಗ ಸಂಕೋಚವಿಲ್ಲ. ಆ ದಿನ ಇತ್ತು.

ನಿಜವಾದ ಚಿಂತೆ ನೀರಿನದು. ನುಂಗಲಂಜಿ ಬಾಲಕನು ಉಗುಳನ್ನೂ ಹೊರಚೆಲ್ಲುತ್ತಿದ್ದನು. ಕುಡಿಯದಿದ್ದರೆ ಗಂಟಲು ಒಣಗಿ ನೋವು ಹೆಚ್ಚುವುದು, ನೋವು ಹೆಚ್ಚಿದರೆ ಮತ್ತೆ ಕುಡಿಯಲೊಲ್ಲನು. ಪ್ಯಾರಾಸಿಟಮಾಲ್ ಔಷಧವನ್ನು ಅತ್ತಾಗಲಷ್ಟೇ ಕೊಡದೆ, ವೈದ್ಯರು ಬರೆದ ಹೊತ್ತಿಗೇ ಕೊಟ್ಟು, ಅರ್ಧ ಗಂಟೆಯ ಬಳಿಕ ತಣ್ಣನೆಯ ರಾಗಿಗಂಜಿ, ಹಾಲನ್ನ ಉಣಿಸತೊಡಗಿದೆವು. ಐಸ್‌ಕ್ರೀಮಿಗೂ ಅನುಮತಿಯಿತ್ತು, ನಮ್ಮ ಮನೆಯವರು ಮಾತ್ರ ಅದನ್ನು ಕೊನೆಯವರೆಗೂ ನಂಬಲಿಲ್ಲ.

7ನೆಯ ರಾತ್ರಿ ದಿಂಬಿನ ಮೇಲೆ ಕೆಂಪು ರಕ್ತ. ಪೊರೆ ಕಳಚುವ 5ರಿಂದ 10ನೆಯ ದಿನದೊಳಗೆ ಹೀಗಾಗಬಹುದು, ಸ್ವಲ್ಪವೇ ಇದ್ದರೂ ಕಾಯದೆ ಬನ್ನಿರೆಂದು ಮೊದಲೇ ಹೇಳಿದ್ದರು. ಬೆಳಗಾಗಲೆನ್ನದೆ ಹೊರಟೆವು. ರಕ್ತ ತಾನೇ ನಿಂತಿತು. ಆದರೂ ಒಂದು ಹಗಲು ಇರಿಸಿಕೊಂಡು ನೋಡಿ ಕಳುಹಿಸಿದರು.

12ನೆಯ ದಿನ ನಮ್ಮ ಲಿಂಗಪೂಜೆ ಮುಗಿಯುವ ಹೊತ್ತಿಗೆ ಬಾಲಕನು ತಾನಾಗಿ ಬಂದು ಕುಳಿತನು. ಪಾದೋದಕವನ್ನು ಮುಖ ಕಿವುಚದೆ ನುಂಗಿ, ಮತ್ತೊಮ್ಮೆ ಕೈಚಾಚಿದನು.